ಸೊನ್ನೆ ನೈಟ್ರೇಟಿನ ಗೀಳು

ಉಪ್ಪುನೀರಿನ ಅಕ್ವೇರಿಯಂ ಸಾಕುವವರಲ್ಲಿ ಒಂದು ಮಾತು ಸಿದ್ಧಾಂತದ ಮಟ್ಟಕ್ಕೆ ಏರಿ ಕೂತಿದೆ. ಗಾಜಿನ ಮೇಲೆ, ಕಲ್ಲಿನ ಮೇಲೆ ಪಾಚಿ ಕಂಡರೆ ನೀರು ಕೆಟ್ಟಿದೆ ಎಂದರ್ಥ. ನೀರಿನಲ್ಲಿರುವ ನೈಟ್ರೇಟನ್ನೂ ಫಾಸ್ಫೇಟನ್ನೂ ಸೊನ್ನೆಗೆ ಇಳಿಸಿದರೆ ಪಾಚಿ ಹಸಿವಿನಿಂದ ಸಾಯುತ್ತದೆ. ಅದಕ್ಕೂ ಬಗ್ಗದಿದ್ದರೆ ಅದಕ್ಕೆಂದೇ ಒಂದು ಬಾಟಲಿ ಇದೆ. ಅಂಗಡಿಯವರು ಹೇಳುವುದು ಇದನ್ನೇ. ವರ್ಷಗಟ್ಟಲೆ ಸಾಕಿದವರು ಹೊಸಬರಿಗೆ ಕಲಿಸುವುದೂ ಇದನ್ನೇ. ನಾನು ಈ ಮಾತನ್ನು ಒಪ್ಪುವುದಿಲ್ಲ. ಇದನ್ನು ನಂಬಿ ನಡೆದ ಮನೆಗಳಲ್ಲಿ ಪಾಚಿಗಿಂತ ಮೊದಲು ಹವಳ ಸೊರಗುತ್ತದೆ, ಬಸವನಹುಳುಗಳು ಸಾಯುತ್ತವೆ, ಕೊನೆಗೆ ಸಾಕುವವರೇ ಬೇಸತ್ತು ತೊಟ್ಟಿಯನ್ನು ಮಾರಿಬಿಡುತ್ತಾರೆ. ಮೂವತ್ತು, ನಲವತ್ತು ಲೀಟರಿನ ಚಿಕ್ಕ ತೊಟ್ಟಿಗಳಲ್ಲಿ ಈ ಅನಾಹುತ ಇನ್ನೂ ಬೇಗ ಆಗುತ್ತದೆ, ಏಕೆಂದರೆ ಅಲ್ಲಿ ಯಾವ ಬದಲಾವಣೆಗೂ ಹಂಚಿಹೋಗಲು ನೀರಿಲ್ಲ.

ಮೊದಲು ಟೆಸ್ಟ್ ಕಿಟ್ಟಿನ ವಿಷಯ. ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದುಕೊಂಡು, ಹನಿ ಹಾಕಿ, ಕುಲುಕಿ, ಬಣ್ಣವನ್ನು ಕಾರ್ಡಿಗೆ ಹೋಲಿಸಿದಾಗ ಗೊತ್ತಾಗುವುದು ಆ ಕ್ಷಣ ನೀರಿನಲ್ಲಿ ಉಳಿದಿರುವ ಪ್ರಮಾಣ ಮಾತ್ರ. ಆ ವಾರ ತೊಟ್ಟಿಯೊಳಗೆ ಎಷ್ಟು ಬಂತು, ಯಾರು ಎಷ್ಟು ತಿಂದರು ಎಂಬುದನ್ನು ಕಿಟ್ ಹೇಳುವುದಿಲ್ಲ. ಕಲ್ಲಿನ ಮೇಲೆ ಎರಡಿಂಚು ಉದ್ದದ ಹಸಿರು ಎಳೆಪಾಚಿ ಜೋಲಾಡುತ್ತಿದ್ದಾಗಲೂ ಕಿಟ್ ಸೊನ್ನೆ ತೋರಿಸುವುದನ್ನು ಈ ಹವ್ಯಾಸದವರೆಲ್ಲ ನೋಡಿರುತ್ತಾರೆ. ಆ ಸೊನ್ನೆಗೆ ಕಾರಣ ಆ ಪಾಚಿಯೇ. ಬಂದ ನೈಟ್ರೇಟನ್ನು ಬಂದ ಹಾಗೆ ಅದು ಹೀರಿ ಮುಗಿಸಿದೆ. ಹೀಗಿರುವಾಗ ‘ನೈಟ್ರೇಟ್ ಸೊನ್ನೆ ಇದೆ, ಆದರೂ ಪಾಚಿ ಹೇಗೆ ಬಂತು?’ ಎಂದು ಕೇಳುವುದು, ಅದಕ್ಕೆ ಉತ್ತರವಾಗಿ ‘ಹಾಗಾದರೆ ಫಾಸ್ಫೇಟ್ ಇರಬೇಕು, ಅದನ್ನೂ ತೆಗೆಯಿರಿ’ ಎನ್ನುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಇನ್ನೂ ಒಂದು ಮಾತಿದೆ. ಅಗ್ಗದ ಫಾಸ್ಫೇಟ್ ಕಿಟ್ಟುಗಳಲ್ಲಿ ಅನೇಕದರ ಕಾರ್ಡಿನಲ್ಲಿ ಮೊದಲ ಬಣ್ಣ 0, ಎರಡನೆಯದು 0.25 ಪಿಪಿಎಂ, ಅಂದರೆ ಲೀಟರಿಗೆ 0.25 ಮಿಲಿಗ್ರಾಂ. ಹವಳದ ತೊಟ್ಟಿಗೆ ಮುಖ್ಯವಾದ ಇಡೀ ವ್ಯಾಪ್ತಿ, ಅಂದರೆ 0.03ರಿಂದ 0.1ರವರೆಗಿನದು, ಆ ಎರಡು ಬಣ್ಣಗಳ ನಡುವೆ ಕಣ್ಣಿಗೆ ಸಿಗದೆ ಮುಚ್ಚಿಹೋಗುತ್ತದೆ. ಅಂಥ ಕಿಟ್ಟಿನಲ್ಲಿ ಕಂಡ ಸೊನ್ನೆಯನ್ನು ನಂಬಿ ಜನ ಸಂತೋಷಪಡುತ್ತಾರೆ, ಇಲ್ಲವೇ ಭಯಪಡುತ್ತಾರೆ.

ಬರುವುದು ಎಷ್ಟು ಎಂದು ಲೆಕ್ಕ ಹಾಕೋಣ. ಇದಕ್ಕೆ ಪ್ರೌಢಶಾಲೆಯ ರಸಾಯನಶಾಸ್ತ್ರ ಸಾಕು. ನಲವತ್ತು ಲೀಟರ್ ನೀರು, ಒಂದು ಜೋಡಿ ಕ್ಲೌನ್ ಮೀನು, ದಿನಕ್ಕೆ ಒಂದು ಸಣ್ಣ ಚಿಟಿಕೆ ಒಣ ಆಹಾರ. ಗ್ರಾಮಿನ ಹತ್ತನೇ ಒಂದು ಪಾಲು ಎನ್ನಿ. ಆ ಆಹಾರದಲ್ಲಿ ಅರ್ಧದಷ್ಟು ಪ್ರೋಟೀನು, ಪ್ರೋಟೀನಿನಲ್ಲಿ ಸುಮಾರು 16 ಶೇಕಡ ಸಾರಜನಕ. ಅಂದರೆ ಎಂಟು ಮಿಲಿಗ್ರಾಂ ಸಾರಜನಕ. ಮೀನಿನ ಮೈಗೆ ಸೇರುವ ಅಲ್ಪಸ್ವಲ್ಪವನ್ನು ಬಿಟ್ಟರೆ ಉಳಿದದ್ದು ಕಿವಿರಿನಿಂದ ಅಮೋನಿಯಾ ಆಗಿ ಹೊರಬರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಎಲ್ಲವೂ ನೈಟ್ರೇಟ್ ಆದರೆ 35 ಮಿಲಿಗ್ರಾಂ, ನಲವತ್ತು ಲೀಟರಿನಲ್ಲಿ ದಿನಕ್ಕೆ 0.9 ಪಿಪಿಎಂ. ರಂಜಕ ಆಹಾರದ ಒಂದು ಶೇಕಡ ಎಂದಿಟ್ಟುಕೊಂಡರೆ ಫಾಸ್ಫೇಟ್ ದಿನಕ್ಕೆ 0.08 ಪಿಪಿಎಂ ಹತ್ತಿರ ಬರುತ್ತದೆ. ಹವಳದ ತೊಟ್ಟಿಯಲ್ಲಿ ಇರಬೇಕಾದ ಇಡೀ ಫಾಸ್ಫೇಟ್ ಒಂದೇ ಚಿಟಿಕೆಯಲ್ಲಿ, ಒಂದೇ ದಿನದಲ್ಲಿ ಒಳಗೆ ಬೀಳುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮವರು ಹೇಳುವ ಮದ್ದು ವಾರಕ್ಕೊಮ್ಮೆ ಹತ್ತು ಶೇಕಡ ನೀರು ಬದಲಿಸುವುದು. ಬೇರೆ ಯಾರೂ ಏನನ್ನೂ ತಿನ್ನದೆ, ನೀರು ಬದಲಿಸುವುದೊಂದೇ ಕೆಲಸ ಮಾಡುತ್ತಿದ್ದರೆ ವಾರದಲ್ಲಿ ಬಂದದ್ದರ ಹತ್ತು ಪಟ್ಟಿನಲ್ಲಿ ಮಟ್ಟ ನಿಲ್ಲುತ್ತದೆ. ಬರುವುದೂ ಹೋಗುವುದೂ ಸಮವಾಗುವುದು ಅಲ್ಲೇ. ನೈಟ್ರೇಟ್ ಅರವತ್ತು ಪಿಪಿಎಂ ದಾಟುತ್ತದೆ, ಫಾಸ್ಫೇಟ್ ಐದು ಪಿಪಿಎಂ ದಾಟುತ್ತದೆ. ನಿಮ್ಮ ತೊಟ್ಟಿಯಲ್ಲಿ ಹಾಗೆ ಆಗಿಲ್ಲ ಎಂದಾದರೆ ಉಳಿದದ್ದನ್ನು ಯಾರೋ ತೆಗೆದುಕೊಳ್ಳುತ್ತಿದ್ದಾರೆ: ಕಲ್ಲಿನ ಒಳಗಿನ ಬ್ಯಾಕ್ಟೀರಿಯಾ, ಹವಳ, ಮರಳು, ನೊರೆಯೊಂದಿಗೆ ಕಸ ತೆಗೆಯುವ ಸ್ಕಿಮ್ಮರ್, ಮತ್ತು ನೀವು ಶಪಿಸುತ್ತಿರುವ ಪಾಚಿ. ನೀರು ಬದಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಕ್ಯಾಲ್ಸಿಯಂ, ಕ್ಷಾರೀಯತೆ, ಸೂಕ್ಷ್ಮ ಲವಣಗಳನ್ನು ಮರಳಿ ತುಂಬಲು ಚಿಕ್ಕ ತೊಟ್ಟಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಪಾಚಿಗೆ ಅದೇ ಮದ್ದು ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು.

ನೈಟ್ರೇಟಿಗಿಂತ ಫಾಸ್ಫೇಟಿನ ಕಥೆ ಹೆಚ್ಚು ಸಿಕ್ಕುಸಿಕ್ಕಾಗಿದೆ. ನೈಟ್ರೇಟಿಗೆ ಹೊರಹೋಗುವ ಬಾಗಿಲೊಂದಿದೆ; ಗಾಳಿಯಾಡದ ಕಲ್ಲಿನ ಒಳಪದರದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿ ಮೇಲಕ್ಕೆ ಬಿಡುತ್ತವೆ. ಫಾಸ್ಫೇಟಿಗೆ ಅಂಥ ಅನಿಲರೂಪವಿಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟಿಗೆ, ಅಂದರೆ ತೊಟ್ಟಿಯ ಕಲ್ಲಿಗೂ ಮರಳಿಗೂ ಅಂಟಿ ಕೂರುತ್ತದೆ. ನೀರಿನಲ್ಲಿ ಹೆಚ್ಚಿದ್ದಾಗ ಕಲ್ಲು ಹೀರುತ್ತದೆ, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ತಿಂಗಳುಗಟ್ಟಲೆ ಧಾರಾಳವಾಗಿ ಉಣಿಸಿದ ತೊಟ್ಟಿಗೆ ಕಬ್ಬಿಣದ ಆಕ್ಸೈಡಿನ ಹರಳು ತುಂಬಿದ ಚೀಲ ತೂಗುಹಾಕಿದರೆ ಎರಡು ದಿನ ನೀರಿನ ಫಾಸ್ಫೇಟ್ ಇಳಿಯುತ್ತದೆ, ಮೂರನೇ ದಿನ ಕಲ್ಲಿನಿಂದ ಮತ್ತೆ ಏರುತ್ತದೆ. ‘ಹರಳು ಮುಗಿಯಿತು, ಹೊಸದು ಹಾಕಿ’ ಎಂದು ಅಂಗಡಿ ಹೇಳುತ್ತದೆ. ಹಾಗೆ ಬದಲಿಸುತ್ತಾ ಹೋದರೆ ನೀರು ಬರಿದಾಗುತ್ತದೆ. ಎಳೆಪಾಚಿಯ ಬೇರಿನಂಥ ಭಾಗ ಮಾತ್ರ ಫಾಸ್ಫೇಟ್ ತುಂಬಿದ ಕಲ್ಲನ್ನೇ ಕಚ್ಚಿಕೊಂಡಿರುತ್ತದೆ, ಕಲ್ಲು ಬಿಟ್ಟ ಫಾಸ್ಫೇಟು ನೀರಿಗೆ ಸೇರುವ ಮೊದಲೇ ಅದರ ಪಾಲಾಗುತ್ತದೆ. ನಡುನೀರಿನಲ್ಲಿ ತೋಳು ಚಾಚಿ ನಿಂತ ಹವಳಕ್ಕೆ ಏನೂ ಸಿಗದು. ಪಾಚಿಯನ್ನು ಉಪವಾಸ ಕೆಡವಲು ಹೊರಟವರು ಹವಳವನ್ನು ಮೊದಲು ಉಪವಾಸ ಕೆಡವುತ್ತಾರೆ.

ಹವಳಕ್ಕೆ ಅದರಿಂದ ಏನು ಕೇಡು ಎಂದು ಕೇಳಬಹುದು, ಸಾಗರದಲ್ಲಿ ಹವಳ ಇರುವುದೇ ಪೋಷಕಾಂಶ ಕಡಿಮೆ ಇರುವ ತಿಳಿನೀರಿನಲ್ಲಲ್ಲವೇ ಎಂದು. ಸೊನ್ನೆಯ ಪಕ್ಷದವರ ದೊಡ್ಡ ವಾದ ಇದೇ, ಉತ್ತರಿಸಬೇಕಾದ ವಾದವೂ ಹೌದು. ಹವಳದಿಬ್ಬದ ಮೇಲಿನ ನೀರಿನಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್ ಅತಿ ಕಡಿಮೆ ಎಂಬುದು ನಿಜ. ಆದರೆ ಅಲ್ಲಿ ಹಗಲೂ ಇರುಳೂ ಪ್ರವಾಹ ಪ್ಲಾಂಕ್ಟನ್ ಹೊತ್ತು ತರುತ್ತದೆ, ಸಾವಿರಾರು ಮೀನುಗಳು ಹವಳದ ಮೇಲೆ ಈಜುತ್ತಾ ಅಮೋನಿಯಾ ಬಿಡುತ್ತವೆ. ಮಟ್ಟ ಕಡಿಮೆ, ಹರಿವು ಅಪಾರ. ನಮ್ಮ ನಲವತ್ತು ಲೀಟರಿನಲ್ಲಿ ಆ ಹರಿವಿಲ್ಲ. ಎರಡು ಮೀನು, ಒಂದು ಚಿಟಿಕೆ ಆಹಾರ. ಸಾಗರದ ಮಟ್ಟವನ್ನು ಮಾತ್ರ ತಂದಿಟ್ಟು ಸಾಗರದ ಹರಿವನ್ನು ಬಿಟ್ಟರೆ ಅದು ಬರೀ ಕೊರತೆ. ಹವಳದ ಮೈಯೊಳಗೆ ಒಂದು ಬಗೆಯ ಪಾಚಿಯೇ ವಾಸವಾಗಿದೆ. ಹಗಲು ಅದು ಬೆಳಕಿನಿಂದ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಆ ಪಾಚಿಗೂ ಸಾರಜನಕ ಬೇಕು, ರಂಜಕ ಬೇಕು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಕೆಲಸ ತೋರಿಸಿದ್ದು ಇದನ್ನೇ: ಸಾರಜನಕ ಸಿಗುತ್ತಿದ್ದು ಫಾಸ್ಫೇಟ್ ಮಾತ್ರ ಬರಿದಾದಾಗ ಒಳಗಿನ ಪಾಚಿಯ ಕೋಶಪೊರೆಯ ಕೊಬ್ಬಿನ ಸಂಯೋಜನೆಯೇ ಏರುಪೇರಾಗಿ, ಬಿಸಿಲಿಗೂ ಬಿಸಿಗೂ ಹವಳ ಬೇಗ ಬಿಳಿಚಿಕೊಳ್ಳುತ್ತದೆ. ನೈಟ್ರೇಟ್ ಹಾಗೇ ಇರುವಾಗ ಫಾಸ್ಫೇಟ್ ತೆಗೆಯುವ ಹರಳನ್ನು ಮಾತ್ರ ಹಾಕುವವರು ಸೃಷ್ಟಿಸುವುದು ಸರಿಯಾಗಿ ಅದೇ ಪರಿಸ್ಥಿತಿಯನ್ನು.

ಹಾಗಾದರೆ ಸಾಗರದ ಹವಳದಿಬ್ಬಗಳು ಪಾಚಿಯಿಲ್ಲದೆ ಇರುವುದು ಹೇಗೆ? ಹಸಿವಿನಿಂದಲ್ಲ, ಬಾಯಿಗಳಿಂದ. ದಿಬ್ಬದ ಮೇಲೆ ಪಾಚಿ ಬೆಳೆಯುವ ವೇಗ ಕಡಿಮೆಯೇನಲ್ಲ. ಬೆಳೆದ ಹಾಗೆ ಗಿಳಿಮೀನು, ಸರ್ಜನ್ ಮೀನು, ಸೀ ಅರ್ಚಿನ್, ಬಸವನಹುಳುಗಳು ಅದನ್ನು ಹೆರೆದು ತಿನ್ನುತ್ತಿರುತ್ತವೆ. ಇದನ್ನು ಜಗತ್ತು ಕಲಿತದ್ದು ಜಮೈಕಾದಲ್ಲಿ, ಬಹಳ ದುಬಾರಿ ಬೆಲೆಗೆ. ಅಲ್ಲಿ ಅತಿಯಾದ ಮೀನುಗಾರಿಕೆಯಿಂದ ಸೊಪ್ಪು ತಿನ್ನುವ ಮೀನುಗಳು ಆಗಲೇ ಕಡಿಮೆಯಾಗಿದ್ದವು. ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್ ಡಯಾಡೆಮಾ ಒಂದೇ ಆ ಕೆಲಸ ನಿಭಾಯಿಸುತ್ತಿತ್ತು. 1983ರಲ್ಲಿ ಪನಾಮಾದ ಕರಾವಳಿಯಲ್ಲಿ ಕಾಣಿಸಿಕೊಂಡ ರೋಗವೊಂದು ಕೆರಿಬಿಯನ್ ಉದ್ದಕ್ಕೂ ಹರಡಿ ಆ ಅರ್ಚಿನ್‌ಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಟೆರೆನ್ಸ್ ಹ್ಯೂಸ್ 1994ರಲ್ಲಿ ಬರೆದ ಪ್ರಬಂಧದಲ್ಲಿ ಆ ಪರಿಣಾಮದ ಅಂಕಿಗಳಿವೆ: 1977ರಿಂದ 1993ರ ನಡುವೆ ಜಮೈಕಾದ ದಿಬ್ಬಗಳಲ್ಲಿ ಹವಳದ ಹೊದಿಕೆ 52 ಶೇಕಡದಿಂದ 3ಕ್ಕೆ ಇಳಿಯಿತು, ದೊಡ್ಡ ಪಾಚಿಯದು 4ರಿಂದ 92ಕ್ಕೆ ಏರಿತು. 1980ರ ಚಂಡಮಾರುತ ಹವಳವನ್ನು ಮುರಿದದ್ದೂ ಈ ಕುಸಿತದಲ್ಲಿ ಸೇರಿದೆ. ಆದರೆ ಮುರಿದ ಜಾಗದಲ್ಲಿ ಹವಳ ಮತ್ತೆ ಬೇರೂರದ ಹಾಗೆ ಮಾಡಿದ್ದು ತಿನ್ನುವ ಬಾಯಿಗಳಿಲ್ಲದೆ ಬೆಳೆದ ಪಾಚಿ.

ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದರು. ಬ್ರಯನ್ ಲಾಪಾಯಿಂಟ್ 1997ರಲ್ಲಿ ಅದೇ ಜಮೈಕಾದ ಡಿಸ್ಕವರಿ ಬೇಯಲ್ಲಿ ಅಂತರ್ಜಲದೊಂದಿಗೆ ಬರುವ ನೈಟ್ರೇಟನ್ನು ಅಳೆದು, ಪೋಷಕಾಂಶವೇ ಮೂಲ ಎಂದು ವಾದಿಸಿದರು. ಆ ವಾದಕ್ಕೆ ತೂಕವಿದೆ, ತಳ್ಳಿಹಾಕುವಂಥದ್ದಲ್ಲ. ಪೋಷಕಾಂಶವೇ ಮುಖ್ಯವೋ ಅಲ್ಲವೋ ಎಂದು ದಿಬ್ಬದ ಮೇಲೆಯೇ ಪರೀಕ್ಷಿಸಿದ ಪ್ರಯೋಗ ಒಂದಿದೆ, ಅದನ್ನು ನಮ್ಮ ಹವ್ಯಾಸಿಗಳು ಹೆಸರಿಸುವುದನ್ನು ನಾನು ಕೇಳಿಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ವನ್ ಟ್ರೀ ದ್ವೀಪದಲ್ಲಿ 1993ರಿಂದ 1996ರವರೆಗೆ ‘ಎನ್‌ಕೋರ್’ ಎಂಬ ಪ್ರಯೋಗ ನಡೆಯಿತು. ಸಣ್ಣ ಸಣ್ಣ ಹವಳದಿಬ್ಬಗಳಿಗೆ ಬೇಕೆಂದೇ ಸಾರಜನಕ, ರಂಜಕ ಸುರಿದರು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡೂ. ಪಾಚಿ ದಿಬ್ಬವನ್ನು ಮುಚ್ಚಲಿಲ್ಲ. ತಿನ್ನುವ ಜೀವಿಗಳು ಅಲ್ಲಿದ್ದವು. ಕೆಟ್ಟದ್ದು ಬೇರೆಡೆ ಆಯಿತು, ಹವಳದ ಸಂತಾನೋತ್ಪತ್ತಿಗೆ ಪೆಟ್ಟು ಬಿತ್ತು. ಅದೇ ದ್ವೀಪದಲ್ಲಿ ಕಿನ್ಸಿ ಮತ್ತು ಡೇವಿಸ್ 1979ರಲ್ಲೇ ವರದಿ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಹೆಚ್ಚಿದ ಸಾರಜನಕ, ರಂಜಕದಿಂದ ದಿಬ್ಬದ ಸುಣ್ಣ ಕಟ್ಟುವ ವೇಗ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆದ್ದರಿಂದ ಫಾಸ್ಫೇಟ್ ಎಷ್ಟಿದ್ದರೂ ನಡೆಯುತ್ತದೆ ಎಂದು ನನ್ನ ಬಾಯಿಂದ ಯಾರೂ ಹೇಳಿಸಬಾರದು. ಹೆಚ್ಚಾದರೆ ಹವಳಕ್ಕೆ ಕೇಡು. ಪಾಚಿಯ ಪ್ರಶ್ನೆ ಮಾತ್ರ ಬೇರೆ, ಅದರ ಉತ್ತರ ತಿನ್ನುವ ಬಾಯಿಗಳಲ್ಲಿದೆ.

ಈಗ ಅಂಗಡಿಗಳಲ್ಲಿ ಗೋಡೆಗೆ ಅಂಟಿಸುವ ಒಂದು ಪಟ್ಟಿಯ ಬಗ್ಗೆ ಎರಡು ಮಾತು. ನೈಟ್ರೇಟನ್ನು ಫಾಸ್ಫೇಟಿನಿಂದ ಭಾಗಿಸಿ, ಉತ್ತರ ಇಷ್ಟಿದ್ದರೆ ಹಸಿರು ಪಾಚಿ, ಇಷ್ಟಿದ್ದರೆ ಕೆಂಪು ಲೋಳೆ ಎಂದು ಭವಿಷ್ಯ ಹೇಳುವ ಪಟ್ಟಿ. ಅದಕ್ಕೆ ರೆಡ್‌ಫೀಲ್ಡ್ ಅನುಪಾತ ಎಂಬ ದೊಡ್ಡ ಹೆಸರು. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಬರೆದದ್ದು ತೆರೆದ ಸಾಗರದ ಪ್ಲಾಂಕ್ಟನ್ ಬಗ್ಗೆ; ಸಾರಜನಕ ಹದಿನಾರು ಪರಮಾಣುವಿಗೆ ರಂಜಕ ಒಂದು ಎಂಬ ಪರಿಚಿತ ಸಂಖ್ಯೆ ಅಲ್ಲಿಂದ ಹುಟ್ಟಿದ್ದು. ಕಲ್ಲಿಗೆ ಅಂಟಿ ಬೆಳೆಯುವ ಪಾಚಿಗಳನ್ನು ಅಟ್ಕಿನ್ಸನ್ ಮತ್ತು ಸ್ಮಿತ್ 1983ರಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು ಮೂವತ್ತಕ್ಕೆ ಒಂದು. ಪ್ಲಾಂಕ್ಟನ್ನಿನ ಮೈಯೊಳಗಿನ ಸಂಯೋಜನೆಯನ್ನು ತಂದು ನೀರಿನಲ್ಲಿ ಉಳಿದದ್ದರ ಅಳತೆಗೆ ಹೊಂದಿಸಿ, ಅದರಿಂದ ಕಲ್ಲಿನ ಪಾಚಿಯ ಜಾತಕ ಬರೆಯುವುದಕ್ಕೆ ಯಾವ ಆಧಾರವೂ ಇಲ್ಲ. ಪರಮಾಣುಗಳ ಲೆಕ್ಕವನ್ನು ತೂಕಕ್ಕೆ ಪರಿವರ್ತಿಸಿದರೆ ನೈಟ್ರೇಟ್, ಫಾಸ್ಫೇಟ್ ಪಿಪಿಎಂನಲ್ಲಿ ಅದು ಹತ್ತಕ್ಕೆ ಒಂದಾಗುತ್ತದೆ. ಆ ಪಟ್ಟಿಗಳಲ್ಲಿ ಅನೇಕವು ಅಷ್ಟನ್ನೂ ಮಾಡದೆ ಹದಿನಾರನ್ನೇ ಅಚ್ಚು ಹಾಕಿವೆ.

ಸೊನ್ನೆ ಮುಟ್ಟಿದ ತೊಟ್ಟಿಗಳಲ್ಲಿ ಆಮೇಲೆ ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಹಸಿರು ಪಾಚಿ ಹಿಮ್ಮೆಟ್ಟುತ್ತದೆ, ಒಂದೆರಡು ವಾರ ಕಲ್ಲು ಸ್ವಚ್ಛವಾಗಿ ಕಾಣುತ್ತದೆ. ನಂತರ ಮರಳಿನ ಮೇಲೆ ಕಂದುಬಣ್ಣದ ಲೋಳೆ, ಅದರಲ್ಲಿ ಎಳೆ ಎಳೆಯಾಗಿ ಮೇಲೆದ್ದ ನೂಲು, ನೂಲಿನ ತುದಿಯಲ್ಲಿ ಗಾಳಿಗುಳ್ಳೆ. ಸಂಜೆ ದೀಪವಿದ್ದಾಗ ದಟ್ಟ, ಬೆಳಗ್ಗೆ ದೀಪ ಹಾಕುವ ಮೊದಲು ತೆಳು. ಇವು ಡೈನೋಫ್ಲಾಜೆಲೇಟುಗಳು. ಪೈಪೋಟಿಗೆ ಬೇರೆ ಪಾಚಿ ಇಲ್ಲದಾಗ, ಬ್ಯಾಕ್ಟೀರಿಯಾಗಳೂ ಸೊರಗಿದಾಗ ಇವು ಗೆಲ್ಲುತ್ತವೆ. ಬ್ಯಾಕ್ಟೀರಿಯಾವನ್ನೇ ನುಂಗಿ ಬದುಕಬಲ್ಲವೂ ಇವುಗಳಲ್ಲಿವೆ. ಇದು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಸಾಕುವವರ ಅನುಭವದಿಂದ ಬಂದ ತಿಳಿವಳಿಕೆ, ಆದರೆ ಜಗತ್ತಿನ ಎಲ್ಲೆಡೆಯ ಸಾಕುವವರು ಒಂದೇ ಕಥೆಯನ್ನು ಹೇಳುತ್ತಾರೆ. ಇವುಗಳಲ್ಲಿ ಆಸ್ಟ್ರಿಯಾಪ್ಸಿಸ್ ಎಂಬ ಕುಲದ್ದು ವಿಷ ಬಿಡುತ್ತದೆ. 2005ರ ಬೇಸಿಗೆಯಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಅದು ಹೆಚ್ಚಿ, ಅಲೆಯ ತುಂತುರನ್ನು ಉಸಿರಾಡಿದ ಸುಮಾರು ಇನ್ನೂರು ಜನ ಜ್ವರ, ಕೆಮ್ಮು, ಉಬ್ಬಸದಿಂದ ವೈದ್ಯರ ಬಳಿ ಹೋಗಬೇಕಾಯಿತು. ತೊಟ್ಟಿಯಲ್ಲಿ ಅದು ಹೆಚ್ಚಾದಾಗ ಮೊದಲು ಸಾಯುವುದು ಅದನ್ನು ತಿಂದ ಬಸವನಹುಳುಗಳು. ಪಾಚಿ ತಿನ್ನುವ ಬಾಯಿಗಳನ್ನೇ ಕಳೆದುಕೊಂಡ ಮೇಲೆ ಆ ತೊಟ್ಟಿಯವರು ಇನ್ನೊಂದು ಬಾಟಲಿಗೆ ಕೈಚಾಚುತ್ತಾರೆ.

ಬಾಟಲಿಯ ವಿಷಯದಲ್ಲಿ ನನಗೆ ಸಮಾಧಾನದಿಂದ ಬರೆಯಲು ಆಗುವುದಿಲ್ಲ. ಕೆಂಪು ಲೋಳೆಗೆ, ಅಂದರೆ ಸಯನೋಬ್ಯಾಕ್ಟೀರಿಯಾಗೆ, ಎರಿಥ್ರೋಮೈಸಿನ್ ಮಾತ್ರೆ ಪುಡಿ ಮಾಡಿ ಹಾಕಿ ಎಂಬ ಸಲಹೆ ಈ ಹವ್ಯಾಸದಲ್ಲಿ ಓಡಾಡುತ್ತಿದೆ. ಬ್ರಯೋಪ್ಸಿಸ್ ಎಂಬ ಗರಿಯಂಥ ಪಾಚಿಗೆ ಫ್ಲುಕೊನಜೋಲ್, ಅಂದರೆ ಶಿಲೀಂಧ್ರದ ಸೋಂಕಿಗೆ ಕೊಡುವ ಮಾತ್ರೆ. ಎರಡೂ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಗಳು, ಎರಡೂ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತವೆ. ಸಯನೋಬ್ಯಾಕ್ಟೀರಿಯಾ ಕೂಡ ಬ್ಯಾಕ್ಟೀರಿಯಾವೇ ಆದ್ದರಿಂದ ಎರಿಥ್ರೋಮೈಸಿನ್ ಅದನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ತೊಟ್ಟಿಯ ಉಳಿದ ಬ್ಯಾಕ್ಟೀರಿಯಾ ಸಮೂಹವೂ ಅದೇ ನೀರಿನಲ್ಲಿದೆ. ಸತ್ತ ಲೋಳೆ ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ, ಚಿಕ್ಕ ತೊಟ್ಟಿಯ ಮೀನು ಬೆಳಗಾಗುವಷ್ಟರಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತದೆ. ಮುಗಿದ ಮೇಲೆ ಆ ನೀರನ್ನು ಎಲ್ಲಿಗೆ ಸುರಿಯುತ್ತಾರೆ? ಬಚ್ಚಲಿಗೆ. ಅಲ್ಲಿಂದ ಚರಂಡಿಗೆ, ರಾಜಕಾಲುವೆಗೆ, ಕೆರೆಗೆ. ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಮ್ಮ ಆಸ್ಪತ್ರೆಗಳನ್ನು ಕಾಡುತ್ತಿರುವ ಕಾಲದಲ್ಲಿ, ಗಾಜಿನ ಪೆಟ್ಟಿಗೆಯ ಕಲ್ಲು ಚೆನ್ನಾಗಿ ಕಾಣಲಿ ಎಂದು ಪ್ರತಿಜೀವಕವನ್ನು ನೀರಿಗೆ ಸುರಿಯುವುದು ತಪ್ಪು. ಇದರಲ್ಲಿ ಅಭಿಪ್ರಾಯಭೇದಕ್ಕೆ ಜಾಗವಿಲ್ಲ.

ಪಾಚಿಯೆಲ್ಲವೂ ಶತ್ರು ಎನ್ನುವ ನೋಟವೇ ಈ ಎಲ್ಲದರ ಬುಡದಲ್ಲಿದೆ. ಕಲ್ಲಿಗೆ ಗುಲಾಬಿ, ನೇರಳೆ ಬಣ್ಣ ಕೊಡುವ ಕೊರಲೈನ್ ಪಾಚಿಯನ್ನು ಎಲ್ಲರೂ ಬಯಸುತ್ತಾರೆ. ಹವಳದ ಮರಿಗಳು ನೆಲೆಯೂರಲು ಆರಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಹೊಸ ತೊಟ್ಟಿಯ ಮರಳಿನ ಮೇಲೆ ಮೊದಲ ತಿಂಗಳು ಹರಡುವ ಕಂದುಪುಡಿಯಂಥ ಡಯಾಟಮ್‌ಗಳನ್ನು ಕಂಡರೆ ಅದೇ ಜನ ಗಾಬರಿಯಾಗುತ್ತಾರೆ. ನಮ್ಮ ಕರಾವಳಿಯ ಬೂತಾಯಿ ಮೀನು ತಿಂದು ಬೆಳೆಯುವುದು ಹೆಚ್ಚಾಗಿ ಡಯಾಟಮ್‌ಗಳನ್ನೇ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣನೆಯ ನೀರು ಮೇಲೆದ್ದು ಪೋಷಕಾಂಶ ತಂದಾಗ ಡಯಾಟಮ್ ಹೆಚ್ಚುತ್ತದೆ, ಅದರ ಹಿಂದೆ ಬೂತಾಯಿಯ ಹಿಂಡು ಬರುತ್ತದೆ. ಮಂಗಳೂರಿನ ಮನೆಗಳಲ್ಲಿ ಅಗ್ಗದ ಮೀನುಸಾರು ಕುದಿಯುವುದು ಆ ಕಂದು ಜೀವಕೋಶಗಳ ದೆಸೆಯಿಂದ. ತೊಟ್ಟಿಯಲ್ಲಿ ಅವು ಕರಗಿದ ಸಿಲಿಕಾ ಇರುವಷ್ಟು ದಿನ ಇದ್ದು, ಅದು ತೀರಿದಾಗ ತಾವಾಗಿ ಹೋಗುತ್ತವೆ. ಅವುಗಳಿಗೆ ಮದ್ದು ಹಾಕಬೇಕಾದ್ದೇ ಇಲ್ಲ.

ಹೊಸ ತೊಟ್ಟಿಗಳಲ್ಲಿ ಈ ಕೊಳಕು ಕಾಣುವ ಹಂತ ಈಗ ಮೊದಲಿಗಿಂತ ಉದ್ದವಾಗಿರುವುದಕ್ಕೆ ಕಾರಣವೂ ಇದೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ 1961ರಲ್ಲಿ ತಮ್ಮ ವಿಧಾನವನ್ನು ಬರೆದಾಗ ಕಡಲಿನಿಂದ ತಂದ ಜೀವಂತ ಕಲ್ಲು, ಮರಳು, ಗಾಳಿಗುಳ್ಳೆ, ಬಿಸಿಲು ಇಷ್ಟರಲ್ಲೇ ಮೀನು ಬದುಕಿಸಿ ತೋರಿಸಿದ್ದರು. ಆ ಕಲ್ಲಿನೊಂದಿಗೆ ಸಾವಿರ ಬಗೆಯ ಹುಳು, ಸ್ಪಂಜು, ಸಣ್ಣ ಸೀಗಡಿ, ಬ್ಯಾಕ್ಟೀರಿಯಾ ಬರುತ್ತಿದ್ದವು. ಪಾಚಿಗೆ ಖಾಲಿ ಜಾಗವೇ ಸಿಗುತ್ತಿರಲಿಲ್ಲ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ಕಲ್ಲು ಕಿತ್ತು ತರುವುದು ಅಪರಾಧ, ಅಪರಾಧವೇ ಆಗಿರಬೇಕು. ಹಾಗಾಗಿ ನಾವು ಒಣ ಕಲ್ಲು, ಸಿಮೆಂಟಿನ ಕಲ್ಲು, ಸೆರಾಮಿಕ್ ಕಲ್ಲು ಬಳಸುತ್ತೇವೆ. ಅದು ಖಾಲಿ ನಿವೇಶನ, ಮೊದಲು ಬಂದವರು ಪಾಚಿ. ಅದರ ಮೇಲೆ ಬೇರೆ ಜೀವಗಳು ನೆಲೆಸಲು ಆರು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಪ್ರತಿ ವಾರ ಒಂದೊಂದು ಮದ್ದು ಹಾಕಿದರೆ ಆ ನಿವೇಶನ ಪ್ರತಿ ವಾರ ಮತ್ತೆ ಖಾಲಿಯಾಗುತ್ತದೆ.

ಹಾಗಾದರೆ ಪಾಚಿಯನ್ನು ಬಿಟ್ಟುಬಿಡಬೇಕೇ? ಇಲ್ಲ, ತೆಗೆಯಬೇಕು, ಕೈಯಿಂದ. ಎಳೆಪಾಚಿ ಉದ್ದ ಬೆಳೆದ ಮೇಲೆ ಹೆಚ್ಚಿನ ಬಸವನಹುಳುಗಳು ಅದನ್ನು ಮುಟ್ಟುವುದಿಲ್ಲ. ಕಲ್ಲನ್ನು ಹೊರತೆಗೆದು, ತೊಟ್ಟಿಯಿಂದಲೇ ತೆಗೆದ ನೀರಿನ ಬಕೆಟ್ಟಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕಿತ್ತು, ಗಿಡ್ಡ ಮಾಡಿ ಮರಳಿ ಇಡಬೇಕು. ಕಿತ್ತ ಪಾಚಿಯೊಳಗೆ ಮೀನಿಗೆ ಹಾಕಿದ ಆಹಾರದ ಸಾರಜನಕವೂ ರಂಜಕವೂ ಇದೆ. ಬಕೆಟ್ಟಿನ ನೀರನ್ನು ಚೆಲ್ಲಿದಾಗ ಅವು ತೊಟ್ಟಿಯಿಂದ ಶಾಶ್ವತವಾಗಿ ಹೊರಹೋದವು. ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1980ರ ದಶಕದಲ್ಲಿ ಇದನ್ನೇ ಯಂತ್ರವಾಗಿಸಿದರು: ಬೇರೆಯೇ ಒಂದು ಜಾಲರಿಯ ಮೇಲೆ ಜೋರು ಬೆಳಕು, ಜೋರು ಹರಿವು ಕೊಟ್ಟು ಪಾಚಿಯನ್ನು ಬೆಳೆಸಿ, ಆಗಾಗ ಹೆರೆದು ಎಸೆಯುವುದು. ನೀರನ್ನು ಶುದ್ಧ ಮಾಡುವ ಕೆಲಸಕ್ಕೆ ಪಾಚಿಯನ್ನೇ ನೇಮಿಸಿದ ಬುದ್ಧಿವಂತಿಕೆ ಅದು. ತೊಟ್ಟಿಯ ಹಿಂಬದಿಯ ಖಾನೆಯಲ್ಲಿ ಕೀಟೋಮಾರ್ಫಾ ಎಂಬ ಹಸಿರು ಪಾಚಿಯನ್ನು ಒಂದು ಹಿಡಿ ಬೆಳೆಸಿ, ತಿಂಗಳಿಗೆ ಅರ್ಧ ತೆಗೆಯುವವರು ಮಾಡುತ್ತಿರುವುದೂ ಅದೇ. ಪ್ರದರ್ಶನದ ಕಲ್ಲಿನ ಮೇಲೆ ಬೇಡವಾದದ್ದನ್ನು ಹಿಂದಿನ ಖಾನೆಯಲ್ಲಿ ಬೇಕಾದಷ್ಟು ಬೆಳೆಯಲು ಬಿಡಿ.

ಗಿಡ್ಡವಾದ ಮೇಲೆ ಉಳಿದದ್ದು ಬಾಯಿಗಳ ಕೆಲಸ. ಟರ್ಬೊ, ಟ್ರೋಕಸ್, ಸೆರಿತ್ ಬಸವನಹುಳುಗಳು, ಒಂದೆರಡು ಸಣ್ಣ ಸನ್ಯಾಸಿ ಏಡಿಗಳು. ನಲವತ್ತು ಲೀಟರಿಗೆ ಬೆರಳೆಣಿಕೆಯಷ್ಟು ಸಾಕು. ಇಪ್ಪತ್ತು ತಂದು ಬಿಟ್ಟರೆ ಹದಿನೈದು ಹಸಿವಿನಿಂದ ಸತ್ತು ಕೊಳೆತು ಮತ್ತೆ ಅಮೋನಿಯಾ ಆಗುತ್ತವೆ. ಸರ್ಜನ್ ಮೀನನ್ನು ಮಾತ್ರ ಈ ತೊಟ್ಟಿಗೆ ತರಬೇಡಿ. ಪಾಚಿ ತಿನ್ನುತ್ತದೆ ಎಂದು ಅಂಗೈ ಅಗಲದ ಹಳದಿ ಮೀನನ್ನು ಎರಡಡಿ ಗಾಜಿನೊಳಗೆ ಮಾರುವವರು ಕ್ರೌರ್ಯವನ್ನು ಮಾರುತ್ತಿದ್ದಾರೆ. ದಿನವಿಡೀ ದಿಬ್ಬದ ಉದ್ದಕ್ಕೂ ಮೇಯುತ್ತಾ ಸಾಗುವ ಮೀನು ಅದು.

ಆಹಾರದ ಚಿಟಿಕೆಯನ್ನು ಸಣ್ಣದು ಮಾಡಿ, ಎರಡು ಮೂರು ದಿನಕ್ಕೊಮ್ಮೆ ಫಿಲ್ಟರಿನ ಹತ್ತಿಯನ್ನು ಬದಲಿಸಿ. ಹತ್ತಿಯಲ್ಲಿ ಸಿಕ್ಕಿದ ಕಸ ಕರಗಿ ನೈಟ್ರೇಟ್ ಆಗುವ ಮೊದಲೇ ಹೊರಹೋಗಬೇಕು. ಅದಕ್ಕೆ ಬಾಟಲಿಯ ಬೆಲೆಯ ನೂರನೇ ಒಂದು ಪಾಲೂ ಆಗದು. ದೀಪ ಎಂಟು ಗಂಟೆ ಸಾಕು, ಕಿಟಕಿಯ ಬಿಸಿಲು ಬೇಡ.

ಎದುರು ಪಕ್ಷದವರು ಒಂದು ವಿಷಯದಲ್ಲಿ ಪೂರ್ಣ ಸರಿ, ಅದು ತೊಟ್ಟಿಗೆ ಹಾಕುವ ನೀರು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು ಎಂದು ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ಮನುಷ್ಯನಿಗೆ ಅದು ಸರಿ, ತೊಟ್ಟಿಗಲ್ಲ. ಬೋರ್‌ವೆಲ್ ನೀರಿನಲ್ಲಿ ಅದಕ್ಕಿಂತ ಹೆಚ್ಚು ಇರುವ ಊರುಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಅಡುಗೆಮನೆಯ ಆರ್‌ಒ ಯಂತ್ರ ಸಾಲದು; ರುಚಿಗೆಂದು ಖನಿಜವನ್ನು ಮತ್ತೆ ಬೆರೆಸುವ ಯಂತ್ರಗಳೇ ಹೆಚ್ಚು, ಸಿಲಿಕಾವನ್ನೂ ಅದು ಪೂರ್ತಿ ತಡೆಯುವುದಿಲ್ಲ. ಆರ್‌ಒ ನಂತರ ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದ ಕೊಳವೆ ಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆಗೆ ನಿಜವಾದ ಜಾಗ ಇದೊಂದೇ. ಆವಿಯಾದ ನೀರಿಗೆ ಬದಲಾಗಿ ದಿನವೂ ಹಾಕುವುದು ಸಿಹಿನೀರಾದ್ದರಿಂದ ಇದು ಇನ್ನೂ ಮುಖ್ಯ: ನೀರು ಆವಿಯಾಗುತ್ತದೆ, ಅದರಲ್ಲಿದ್ದ ನೈಟ್ರೇಟ್ ಉಳಿಯುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ, ಫ್ಯಾನ್ ಗಾಳಿಯಡಿ, ಚಿಕ್ಕ ತೊಟ್ಟಿ ದಿನಕ್ಕೆ ಅರ್ಧ ಲೀಟರ್ ಸುಲಭವಾಗಿ ಕಳೆದುಕೊಳ್ಳುತ್ತದೆ. ಕಡಲತಡಿಯಲ್ಲಿರುವವರು ಸಮುದ್ರದ ನೀರನ್ನೇ ತರಬಹುದು, ಆದರೆ ಅಳಿವೆಯಿಂದ ದೂರ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ. ನೇತ್ರಾವತಿ ತುಂಬಿ ಹರಿಯುವ ದಿನಗಳಲ್ಲಿ ಉಳ್ಳಾಲದಿಂದ ತಂದ ನೀರಿನಲ್ಲಿ ಲವಣಾಂಶ ಸಾವಿರಕ್ಕೆ 35ಕ್ಕಿಂತ ಎಷ್ಟೋ ಕೆಳಗಿರುತ್ತದೆ.

ನೈಟ್ರೇಟ್ ಎರಡರಿಂದ ಹತ್ತು ಪಿಪಿಎಂ, ಫಾಸ್ಫೇಟ್ 0.03ರಿಂದ 0.1. ಈ ಸಂಖ್ಯೆಗಳಲ್ಲಿ ಹವಳವೂ ಬದುಕುತ್ತದೆ, ಸ್ವಲ್ಪ ಪಾಚಿಯೂ ಬೆಳೆಯುತ್ತದೆ, ಅದನ್ನು ಬಸವನಹುಳು ತಿನ್ನುತ್ತದೆ. ಗಾಜನ್ನು ಎರಡು ದಿನಕ್ಕೊಮ್ಮೆ ಒರೆಸಬೇಕಾಗುತ್ತದೆ. ಒರೆಸಲು ಮನಸ್ಸಿಲ್ಲದವರು ತೊಟ್ಟಿ ಇಡಬಾರದು.

ಅಂಗಡಿಯವರಿಗೆ, ಆಮದುದಾರರಿಗೆ ನನ್ನ ಬೇಡಿಕೆ ಒಂದೇ. ಪಾಚಿನಾಶಕ ಎಂದು ಮಾರುವ ಪ್ರತಿ ಬಾಟಲಿಯ ಮೇಲೂ ಒಳಗೆ ಯಾವ ರಾಸಾಯನಿಕ, ಎಷ್ಟು ಪ್ರಮಾಣ ಎಂದು ಬರೆಯಿರಿ. ಪ್ರತಿಜೀವಕವಾದರೆ ಅದನ್ನೂ ಬರೆಯಿರಿ, ಫಾಸ್ಫೇಟನ್ನು ಹಿಡಿಯುವ ಲ್ಯಾಂಥನಂ ಆದರೆ ಅದನ್ನೂ ಬರೆಯಿರಿ. ‘ಹವಳಕ್ಕೆ ಸುರಕ್ಷಿತ’ ಎಂದಷ್ಟೇ ಬರೆದ ಬಾಟಲಿಯನ್ನು ನಾನು ಕೊಳ್ಳುವುದಿಲ್ಲ, ಕೇಳಿದವರಿಗೆಲ್ಲ ಕೊಳ್ಳಬೇಡಿ ಎಂದೇ ಹೇಳುತ್ತೇನೆ.